ಎವರೆಸ್ಟ್‌ನ ಕೊಹ್ಲಿ, ನಂದಾದೇವಿಯ ಕೊಹ್ಲಿ

ಕ್ಯಾಪ್ಟನ್ ಮನಮೋಹನ ಸಿಂಗ್ ಕೊಹ್ಲಿ 2025ರ ಜೂನ್ 23ರಂದು, ತಮ್ಮ 93ನೇ ವಯಸ್ಸಿನಲ್ಲಿ ತೀರಿಕೊಂಡರು. 1965ರಲ್ಲಿ ಒಂಬತ್ತು ಮಂದಿಯನ್ನು ಎವರೆಸ್ಟ್ ತುದಿಗೆ ಕಳುಹಿಸಿದ ಭಾರತ ತಂಡದ ನಾಯಕ ಎಂಬುದು ಅವರ ಪ್ರಸಿದ್ಧ ಗುರುತು. ಅದೇ ವರ್ಷ ಹಿಮಾಲಯದ ನಂದಾದೇವಿ ಶಿಖರದಲ್ಲಿ ನಡೆದ ಬೇಹುಗಾರಿಕೆಯನ್ನು ಪತ್ತೇದಾರಿ ಕಥೆಯಂತೆ ಬೇರೆಯಾಗಿ ಹೇಳುವುದು ರೂಢಿ. ಒಂದು ಕಡೆ ಧ್ವಜ, ಇನ್ನೊಂದು ಕಡೆ ಗುಟ್ಟು. ಹೀಗೆ ಎರಡು ಕೋಣೆ ಮಾಡಿ ಇಟ್ಟರೆ ಕೊಹ್ಲಿಯವರೂ ಅರ್ಥವಾಗುವುದಿಲ್ಲ, ನಮ್ಮ ಪರ್ವತಾರೋಹಣದ ಚರಿತ್ರೆಯೂ ಅರ್ಥವಾಗುವುದಿಲ್ಲ. ಎರಡೂ ಕೆಲಸಗಳ ಹಿಂದೆ ಇದ್ದದ್ದು ಒಂದೇ ಸರ್ಕಾರ, ಅದರ ಒಂದೇ ಆತಂಕ. ಆ ಆತಂಕದ ಹೆಸರು ಚೀನಾ.

ಸ್ವಾತಂತ್ರ್ಯ ಬಂದಾಗ ಬೆಟ್ಟ ಹತ್ತುವುದು ಇಲ್ಲಿ ಕೆಲವೇ ಮಂದಿಯ ಹವ್ಯಾಸವಾಗಿತ್ತು. ಡೆಹ್ರಾಡೂನಿನ ಡೂನ್ ಶಾಲೆಯ ಮೇಷ್ಟರುಗಳು ರಜೆಯಲ್ಲಿ ಹಿಮಾಲಯಕ್ಕೆ ಹೋಗುತ್ತಿದ್ದರು. ಅವರಲ್ಲೊಬ್ಬರಾದ ಗುರುದಯಾಳ್ ಸಿಂಗ್ 1951ರಲ್ಲಿ ತ್ರಿಶೂಲ ಶಿಖರ ಏರಿ, ಅದರ ತುದಿಯಲ್ಲಿ ಶೀರ್ಷಾಸನ ಹಾಕಿದರು. (ಅವರೂ ದೀರ್ಘಾಯುಷಿ, 2023ರಲ್ಲಿ, 99ರ ವಯಸ್ಸಿನಲ್ಲಿ ಹೋದರು.) 1953ರಲ್ಲಿ ತೇನ್‌ಸಿಂಗ್ ಎವರೆಸ್ಟ್ ಹತ್ತಿದ ಮೇಲೆ ಈ ಹವ್ಯಾಸಕ್ಕೆ ಸರ್ಕಾರದ ಆಸರೆ ಸಿಕ್ಕಿತು. ಮರುವರ್ಷವೇ ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಶುರುವಾಯಿತು. ಅದರ ಮೊದಲ ಪ್ರಾಂಶುಪಾಲರು ಸೇನೆಯ ಮೇಜರ್ ನಂದು ಜಯಾಲ್. ಅಲ್ಲಿಂದ ಮುಂದೆ ದೊಡ್ಡ ತಂಡಗಳ ಹಣ, ಸಾಮಾನು, ರಜೆ ಮಂಜೂರಾತಿ ಎಲ್ಲದರಲ್ಲೂ ರಕ್ಷಣಾ ಇಲಾಖೆಯ ಕೈ ಇತ್ತು. ಗಡಿ ಕಾಯುವವರಿಗೆ ಹಿಮದಲ್ಲಿ ಬದುಕಲು ಬರಬೇಕಿತ್ತು. ಅದನ್ನು ಕಲಿಸುವ ಶಾಲೆ ಪರ್ವತಾರೋಹಣವೇ ಆಗಿತ್ತು.

ಕೊಹ್ಲಿ ಈ ಶಾಲೆಯ ಫಸಲು. ಹುಟ್ಟಿದ್ದು 1931ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ಹರಿಪುರದಲ್ಲಿ. ದೇಶ ವಿಭಜನೆಯ ಹಿಂಸೆಯಲ್ಲಿ ಊರು ಬಿಟ್ಟು ಬಂದವರು. ಸೇರಿದ್ದು ನೌಕಾಪಡೆಗೆ. ಕಡಲಿನ ಸಂಬಳ ತೆಗೆದುಕೊಂಡು ಬೆಟ್ಟ ಹತ್ತಿದ ಈ ಅಧಿಕಾರಿ 1959ರಲ್ಲಿ ನಂದಾಕೋಟ್, 1961ರಲ್ಲಿ ಅದುವರೆಗೆ ಯಾರೂ ಏರಿರದ ಅನ್ನಪೂರ್ಣ-3 (7,555 ಮೀಟರ್) ಶಿಖರಗಳನ್ನು ಮುಟ್ಟಿದರು. ನಂತರ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಗೆ ಹೋದರು. ಆ ಪಡೆ ಹುಟ್ಟಿದ್ದು 1962ರ ಅಕ್ಟೋಬರ್‌ನಲ್ಲಿ, ಚೀನಾದೊಂದಿಗೆ ಯುದ್ಧ ನಡೆಯುತ್ತಿದ್ದಾಗ.

ಎವರೆಸ್ಟ್ ಭಾರತಕ್ಕೆ ಸುಲಭವಾಗಿ ದಕ್ಕಲಿಲ್ಲ. 1960ರಲ್ಲಿ ಬ್ರಿಗೇಡಿಯರ್ ಜ್ಞಾನ್ ಸಿಂಗ್ ಅವರ ತಂಡ ತುದಿಗೆ ಸುಮಾರು 220 ಮೀಟರ್ ಇರುವಾಗ ಗಾಳಿಗೆ ಸೋತು ತಿರುಗಿತು. ಅದೇ ಋತುವಿನಲ್ಲಿ ಚೀನಾ ತಾನು ಉತ್ತರದ ಕಡೆಯಿಂದ ಹತ್ತಿದೆ ಎಂದು ಘೋಷಿಸಿತು. ದೆಹಲಿಗೆ ಅದು ಹೇಗೆ ಚುಚ್ಚಿರಬೇಕೆಂದು ಊಹಿಸಬಹುದು. 1962ರಲ್ಲಿ ಮೇಜರ್ ಜಾನ್ ಡಯಾಸ್ ತಂಡದ ಕೊನೆಯ ಪ್ರಯತ್ನ ಕೊಹ್ಲಿ, ಸೋನಂ ಗ್ಯಾತ್ಸೊ ಮತ್ತು ಹರಿ ಡಾಂಗ್ ಅವರ ಪಾಲಿಗೆ ಬಂತು. ಮೂವರೂ ಕೊನೆಯ ಶಿಬಿರದಲ್ಲಿ ಮೂರು ರಾತ್ರಿ ಕಳೆದರು, ಅದರಲ್ಲಿ ಎರಡು ರಾತ್ರಿ ಆಮ್ಲಜನಕವಿಲ್ಲದೆ. ಆ ಎತ್ತರದಲ್ಲಿ ದೇಹ ಚೇತರಿಸಿಕೊಳ್ಳುವುದಿಲ್ಲ. ಮಲಗಿದ್ದರೂ ಸವೆಯುತ್ತಲೇ ಇರುತ್ತದೆ. ಆದರೂ ಹೊರಟರು. ತುದಿಗೆ ಇನ್ನು ಸುಮಾರು 130 ಮೀಟರ್ ಇದೆ ಎನ್ನುವಾಗ ಹಿಂದಿರುಗಿದರು. ಹತ್ತಿದ್ದರೆ ಬಹುಶಃ ಇಳಿಯುತ್ತಿರಲಿಲ್ಲ.

1965ರಲ್ಲಿ ಕೊಹ್ಲಿ ತಾವೇ ನಾಯಕರಾದಾಗ ಈ ಲೆಕ್ಕ ಕೆಲಸಕ್ಕೆ ಬಂತು. ಒಂದೇ ಜೋಡಿಯ ಮೇಲೆ ಎಲ್ಲವನ್ನೂ ಪಣಕ್ಕಿಡದೆ, ಹಲವು ಜೋಡಿಗಳು ಒಂದಾದ ಮೇಲೊಂದು ಏರುವಂತೆ ಮೇಲಿನ ಶಿಬಿರಗಳಲ್ಲಿ ಆಮ್ಲಜನಕವನ್ನೂ ಆಹಾರವನ್ನೂ ಕೂಡಿಟ್ಟರು. ಹವಾಮಾನ ಕೆಟ್ಟಾಗ ಇಡೀ ತಂಡವನ್ನು ಕೆಳಗಿಳಿಸಿ ಕಾದರು. ಮೇ 20ರಂದು ಎ.ಎಸ್. ಚೀಮಾ ಮತ್ತು ನವಾಂಗ್ ಗೊಂಬು ತುದಿ ಮುಟ್ಟಿದರು. ಎವರೆಸ್ಟನ್ನು ಎರಡು ಸಲ ಏರಿದ ಮೊದಲಿಗ ಗೊಂಬು. 22ರಂದು 42 ವರ್ಷದ ಸೋನಂ ಗ್ಯಾತ್ಸೊ ಮತ್ತು 23 ವರ್ಷದ ಸೋನಂ ವಾಂಗ್ಯಾಲ್, ಅಲ್ಲಿಯವರೆಗಿನ ಅತಿ ಹಿರಿಯ ಮತ್ತು ಅತಿ ಕಿರಿಯ ಆರೋಹಿಗಳು, ಒಂದೇ ಹಗ್ಗದಲ್ಲಿ ಹೋದರು. 24ರಂದು ಸಿ.ಪಿ. ವೋಹ್ರಾ ಮತ್ತು ಆಂಗ್ ಕಾಮಿ. 29ರಂದು ಎಚ್.ಪಿ.ಎಸ್. ಅಹ್ಲುವಾಲಿಯಾ, ಹರೀಶ್ ರಾವತ್, ಫೂ ದೋರ್ಜಿ ಮೂವರೂ ಒಟ್ಟಿಗೆ. ಒಂದೇ ತಂಡದ ಒಂಬತ್ತು ಮಂದಿ ಎಂಬ ದಾಖಲೆ 17 ವರ್ಷ ನಿಂತಿತು. ಆ ಒಂಬತ್ತರಲ್ಲಿ ಕೊಹ್ಲಿ ಇಲ್ಲ ಎಂಬುದು ಈಗ ಅನೇಕರಿಗೆ ಗೊತ್ತಿಲ್ಲ. ಅವರು ಎವರೆಸ್ಟ್ ತುದಿಯನ್ನು ಎಂದೂ ಮೆಟ್ಟಲಿಲ್ಲ.

ತಂಡಕ್ಕೆ ದೆಹಲಿಯಲ್ಲಿ ಭರ್ಜರಿ ಸ್ವಾಗತ ಸಿಕ್ಕಿತು, ಕೊಹ್ಲಿಯವರಿಗೆ ಪದ್ಮಭೂಷಣ ಬಂತು. ಆದರೆ ಹಾರಗಳು ಬಾಡುವ ಮೊದಲೇ ಅವರು ಮತ್ತು ತಂಡದ ಕೆಲವರು ಗುಟ್ಟಿನ ಕೆಲಸವೊಂದರ ತರಬೇತಿಗೆ ಅಮೆರಿಕದ ಅಲಾಸ್ಕದಲ್ಲಿದ್ದರು. ಮನೆಯವರಿಗೂ ಕಾರಣ ಹೇಳುವಂತಿರಲಿಲ್ಲ.

ಹಿಂದಿನ ವರ್ಷದ ಅಕ್ಟೋಬರ್ 16ರಂದು ಚೀನಾ ತನ್ನ ಮೊದಲ ಅಣು ಬಾಂಬನ್ನು ಷಿನ್‌ಜಿಯಾಂಗ್‌ನ ಲಾಪ್ ನೂರ್‌ನಲ್ಲಿ ಸಿಡಿಸಿತ್ತು. ಕ್ಷಿಪಣಿ ಪರೀಕ್ಷೆಗಳ ಸಂಕೇತಗಳನ್ನು ಹಿಡಿಯಲು ಹಿಮಾಲಯದ ಎತ್ತರದ ಶಿಖರವೊಂದರಲ್ಲಿ ಯಂತ್ರ ಕೂರಿಸಬೇಕೆಂದು ಅಮೆರಿಕದ ಸಿಐಎ ಯೋಚಿಸಿತು, ಭಾರತದ ಗುಪ್ತಚರ ದಳ ಒಪ್ಪಿತು. ಮೊದಲು ಕೇಳಿಬಂದ ಹೆಸರು ಕಾಂಚನಜುಂಗಾ. ಜಗತ್ತಿನ ಮೂರನೇ ಎತ್ತರದ ಶಿಖರಕ್ಕೆ ಯಂತ್ರ ಹೊರಿಸುವ ಮಾತನ್ನು ಕೊಹ್ಲಿ ಒಪ್ಪಲಿಲ್ಲ. ಕೊನೆಗೆ 7,816 ಮೀಟರ್ ಎತ್ತರದ ನಂದಾದೇವಿ ಗೊತ್ತಾಯಿತು. ಅದೂ ಸುಲಭದ್ದೇನಲ್ಲ.

ಯಂತ್ರಕ್ಕೆ ವಿದ್ಯುತ್ ಕೊಡುತ್ತಿದ್ದದ್ದು ಪ್ಲುಟೋನಿಯಂ. ಅದು ತಾನಾಗಿಯೇ ಕ್ಷಯಿಸುತ್ತ ಬಿಸಿ ಸೂಸುತ್ತದೆ, ಆ ಬಿಸಿಯೇ ವಿದ್ಯುತ್ತಾಗುತ್ತದೆ; ವರ್ಷಗಟ್ಟಲೆ ಯಾರೂ ಹತ್ತಿರ ಹೋಗಬೇಕಿಲ್ಲ. ಹೊತ್ತ ಶೆರ್ಪಾಗಳಿಗೆ ಒಳಗೇನಿದೆ ಎಂಬುದು ಗೊತ್ತಿರಲಿಲ್ಲ. ಹಿಮದ ನಡುವೆ ಬೆಚ್ಚಗಿರುವ ಆ ಪೆಟ್ಟಿಗೆಗೆ ಅವರು ತಾವು ಪೂಜಿಸುವ ಬೌದ್ಧ ಗುರು ಪದ್ಮಸಂಭವರ ನೆನಪಿನಲ್ಲಿ ‘ಗುರು ರಿನ್‌ಪೋಚೆ’ ಎಂದು ಹೆಸರಿಟ್ಟರು, ಚಳಿ ಕಾಯಿಸಿಕೊಳ್ಳಲು ಅದರ ಪಕ್ಕಕ್ಕೆ ಸರಿದರು. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಕಸಿವಿಸಿ ತರುವುದು ಇದು. ಎವರೆಸ್ಟ್‌ಗೆ ಹೊರೆ ಹೊತ್ತವರಿಗೆ ಏನು ಹೊರುತ್ತಿದ್ದೇವೆ, ಯಾಕೆ ಎಂದು ಗೊತ್ತಿತ್ತು.

1965ರ ಅಕ್ಟೋಬರ್‌ನಲ್ಲಿ ನಂದಾದೇವಿಯ ತುದಿ ಹತ್ತಿರವಿರುವಾಗ ಹಿಮಬಿರುಗಾಳಿ ಎದ್ದಿತು. ಕೆಳಗಿದ್ದ ಕೊಹ್ಲಿ, ಯಂತ್ರವನ್ನು ನಾಲ್ಕನೇ ಶಿಬಿರದ ಬಳಿ ಬಂಡೆಗೆ ಕಟ್ಟಿ ಇಳಿದು ಬನ್ನಿ ಎಂದು ರೇಡಿಯೊದಲ್ಲಿ ಹೇಳಿದರು. ಜನರನ್ನು ಉಳಿಸುವ ನಿರ್ಧಾರ. 1962ರಲ್ಲಿ ತಾವೇ ಹಿಂದಿರುಗಿದವರು ಬೇರೆ ಏನನ್ನು ತಾನೇ ಹೇಳಿಯಾರು? ಮರುವರ್ಷದ ಬೇಸಿಗೆಯಲ್ಲಿ ಹೋಗಿ ನೋಡಿದರೆ ಕಟ್ಟಿದ್ದ ಜಾಗವೇ ಕುಸಿದು ಹೋಗಿತ್ತು. 1968ರವರೆಗೆ ಹುಡುಕಿದರೂ ಸಿಗಲಿಲ್ಲ. ನಡುವೆ ನಂದಾಕೋಟ್‌ನಲ್ಲಿ ಇನ್ನೊಂದು ಯಂತ್ರ ಕೂರಿಸಿದರು. ಅದು ಕೆಲಕಾಲ ಕೆಲಸ ಮಾಡಿತು, ನಂತರ ಅದನ್ನು ವಾಪಸು ತಂದರು.

1978ರಲ್ಲಿ ಅಮೆರಿಕದ ಪತ್ರಿಕೆಯೊಂದು ಗುಟ್ಟು ರಟ್ಟು ಮಾಡಿತು. ಪ್ರಧಾನಿ ಮೊರಾರ್ಜಿ ದೇಸಾಯಿ ಸಂಸತ್ತಿನಲ್ಲಿ ವಿಷಯವನ್ನು ಒಪ್ಪಿಕೊಂಡರು, ವಿಜ್ಞಾನಿಗಳ ಸಮಿತಿ ನೇಮಿಸಿದರು. ಅಲ್ಲಿಂದ ಹರಿಯುವ ನದಿಗಳ ನೀರಿನಲ್ಲಿ ವಿಕಿರಣದ ಸುಳಿವಿಲ್ಲ ಎಂದು ಸಮಿತಿ ಹೇಳಿತು. ಕೊಹ್ಲಿ ಆ ಹೊತ್ತಿಗೆ ಏರ್ ಇಂಡಿಯಾ ಮೂಲಕ ವಿದೇಶಿಯರನ್ನು ಹಿಮಾಲಯದ ಚಾರಣಕ್ಕೆ ಕರೆತರುವ ಕೆಲಸದಲ್ಲಿ ಹೆಸರು ಮಾಡಿದ್ದರು. ಚಾರಣಿಗರ ಜೊತೆ ಕಸವೂ ಬಂದಾಗ, 1989ರಲ್ಲಿ ಹಿಲರಿಯಂಥ ಹಿರಿಯರನ್ನು ಕೂಡಿಸಿಕೊಂಡು ಹಿಮಾಲಯದ ಪರಿಸರಕ್ಕಾಗಿ ಟ್ರಸ್ಟ್ ಕಟ್ಟಿದರು. ನಂದಾದೇವಿಯ ಕಥೆಯನ್ನೂ ಕೊನೆಗೆ ಸಹಲೇಖಕರೊಬ್ಬರೊಂದಿಗೆ ಪುಸ್ತಕವಾಗಿ ಬರೆದರು. ಸರ್ಕಾರ ಮಾತ್ರ ಅಷ್ಟು ಬಿಚ್ಚಿ ಮಾತನಾಡಲಿಲ್ಲ.

2021ರ ಫೆಬ್ರವರಿ 7ರಂದು ನಂದಾದೇವಿಯ ಕೆಳಗಿನ ಋಷಿಗಂಗಾ ಕಣಿವೆಯಲ್ಲಿ ಪ್ರವಾಹ ನುಗ್ಗಿ 200ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ರೋಂಟಿ ಶಿಖರದಿಂದ ಬಂಡೆ, ಹಿಮ ಒಟ್ಟಿಗೆ ಕಳಚಿ ಬಿದ್ದದ್ದೇ ಕಾರಣ ಎಂದು ವಿಜ್ಞಾನಿಗಳು ತೋರಿಸಿದರು. ಚಿಪ್ಕೊ ಚಳವಳಿಯ ಊರಾದ ರೈಣಿಯ ಜನ ಮಾತ್ರ ಆ ಪೆಟ್ಟಿಗೆಯ ಮೇಲೆ ಅನುಮಾನಪಟ್ಟರು. ಅನುಮಾನಕ್ಕೆ ವಿಜ್ಞಾನದ ಬೆಂಬಲ ಇರಲಿಲ್ಲ, ನಿಜ. ಆದರೆ ತಮ್ಮ ನದಿಯ ಮೂಲದಲ್ಲಿ ಏನಿದೆ ಎಂದು ಅವರಿಗೆ 1965ರಲ್ಲಿ ಯಾರೂ ಹೇಳಿರಲಿಲ್ಲ. ಯಂತ್ರದಲ್ಲಿದ್ದ ಪ್ಲುಟೋನಿಯಂ-238ರ ಅರ್ಧಾಯುಷ್ಯ (ಅರ್ಧ ಪಾಲು ಕ್ಷಯಿಸಲು ಹಿಡಿಯುವ ಕಾಲ) ಸುಮಾರು 88 ವರ್ಷ. ಅಂದರೆ ಕೊಹ್ಲಿ ತೀರಿಕೊಂಡ ವರ್ಷದಲ್ಲೂ ಅದರ ಅರ್ಧಕ್ಕಿಂತ ಹೆಚ್ಚು ಪಾಲು ನಂದಾದೇವಿಯ ಮಡಿಲಲ್ಲಿ ಎಲ್ಲೋ ಕ್ಷಯಿಸುತ್ತಲೇ ಇತ್ತು.