ದೊಡ್ಡ ಬೈಕ್ ತಗೊಳ್ಳೋ ಮುಂಚೆ ಬ್ರೇಕ್ ಪ್ಯಾಡ್ ನೋಡಿ

ಯುಗಾದಿ ಕಳೆದು ವಾರವಾಗಿತ್ತು. ಮದ್ದೂರು ಕಡೆಯ ಹುಡುಗನೊಬ್ಬ ಒಂಟಿಕೊಪ್ಪಲಿನ ನಮ್ಮ ಗ್ಯಾರೇಜಿಗೆ ಯಮಹಾ ಆರ್15 ತಂದು ನಿಲ್ಲಿಸಿದ. ಕೆಲಸ ಮೈಸೂರಲ್ಲಿ, ವಾರವೆಲ್ಲ ಇಲ್ಲೇ ರೂಮು, ಶನಿವಾರ ಊರು. "ಅಣ್ಣ, ಜನರಲ್ ಸರ್ವೀಸ್ ಮಾಡ್ಕೊಡಿ. ಮಾರ್ಬುಡಾನ ಅಂತಿವ್ನಿ. ನಿಂಜಾ 650 ಸೆಕೆಂಡ್ ಹ್ಯಾಂಡ್ ಒಂದ್ ನೋಡಿವ್ನಿ. ತಗಳ್ಳಾ, ಬ್ಯಾಡ್ವಾ, ನೀವೇ ಹೇಳ್ಬುಡಿ" ಅಂದ.

ಈ ಪ್ರಶ್ನೆ ತಿಂಗಳಿಗೆ ಮೂರ್ನಾಲ್ಕು ಸಲ ಬರುತ್ತದೆ. ತಗೋ ಅಂತಾಗಲಿ, ಬೇಡ ಅಂತಾಗಲಿ ನಾನು ತಕ್ಷಣ ಏನೂ ಹೇಳುವುದಿಲ್ಲ. ಬೈಕನ್ನು ಸ್ಟ್ಯಾಂಡಿಗೆ ಏರಿಸಿ ಮೊದಲು ಬ್ರೇಕ್ ಕ್ಯಾಲಿಪರ್, ಅಂದರೆ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ, ಬಿಚ್ಚುತ್ತೇನೆ. ಓಡಿಸುವವನು ಹೇಗೆ ಓಡಿಸುತ್ತಾನೆ ಅಂತ ಅವನ ಬಾಯಿಗಿಂತ ಅವನ ಗಾಡಿ ಚೆನ್ನಾಗಿ ಹೇಳುತ್ತದೆ.

ಇವನ ಗಾಡಿ 19 ಸಾವಿರ ಕಿ.ಮೀ. ಓಡಿತ್ತು. ಹಿಂದಿನ ಪ್ಯಾಡ್ ಎರಡನೇ ಸೆಟ್. ಅದೂ ಸವೆದು ತಗಡು ಡಿಸ್ಕಿಗೆ ತಾಗುವ ಹಂತಕ್ಕೆ ಬಂದಿತ್ತು. ಮುಂದಿನದು ಶೋರೂಮಿನಿಂದ ಬಂದಾಗಿನದೇ. ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಹಿಂದಿನ ಪ್ಯಾಡ್ ಗಾತ್ರದಲ್ಲಿ ಚಿಕ್ಕದು, ಕೆಸರು ಧೂಳು ಎಲ್ಲ ಅದಕ್ಕೇ ಹೊಡೆಯುತ್ತದೆ, ಒಂದಿಷ್ಟು ಬೇಗ ಸವೆಯುವುದು ಸಹಜ. ಆದರೆ ಇಷ್ಟೊಂದು ವ್ಯತ್ಯಾಸ ಇದ್ದರೆ ಅರ್ಥ ಒಂದೇ. ಹುಡುಗ ಕಾಲಲ್ಲಿ ಹಿಂದಿನ ಬ್ರೇಕ್ ಹಾಕುತ್ತಾನೆ, ಕೈಯಲ್ಲಿ ಮುಂದಿನದು ಹಾಕುವುದಿಲ್ಲ.

ಅವನನ್ನು ಬಯ್ಯೋಕೆ ಆಗಲ್ಲ. ನಮ್ಮ ಕಡೆ ಎಲ್ಲರೂ ಹಾಗೇ ಕಲಿತವರು. "ಮುಂದಿನ ಬ್ರೇಕ್ ಹಿಡೀಬೇಡ, ಮುಗ್ಗರಿಸಿ ಬೀಳ್ತೀಯ" ಅಂತ ಅಪ್ಪನೋ ಚಿಕ್ಕಪ್ಪನೋ ಸೈಕಲ್ ಕಾಲದಿಂದ ಹೇಳಿಕೊಟ್ಟಿರುತ್ತಾರೆ. ಮಣ್ಣಿನ ರಸ್ತೆಯಲ್ಲಿ ಮೊಪೆಡ್ ಓಡಿಸುವವರಿಗೆ ಆ ಮಾತು ಸರಿಯೇ. ಡಾಂಬರಿನ ಮೇಲೆ ಲೆಕ್ಕ ತಿರುಗುತ್ತದೆ. ಬ್ರೇಕ್ ಹಿಡಿದ ಕೂಡಲೇ ಗಾಡಿಯ ಭಾರ ಮುಂದಿನ ಚಕ್ರಕ್ಕೆ ಬೀಳುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ಎಷ್ಟು ಒತ್ತಿದರೂ ಅದು ಜಾರುತ್ತದೆಯೇ ಹೊರತು ಗಾಡಿಯನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಮುಂದಿನ ಬ್ರೇಕಿನದು.

ಇದನ್ನು ಕಲಿಯದೆ 650 ಸಿಸಿ ಬೈಕಿಗೆ ಏರಿದರೆ ಏನಾಗುತ್ತದೆ? ಒಣ ಡಾಂಬರು, ಒಳ್ಳೆ ಟಯರು, ಎರಡೂ ಬ್ರೇಕ್ ಸರಿಯಾಗಿ ಹಿಡಿಯುವ ಸವಾರ ಅಂತ ಇಟ್ಟುಕೊಳ್ಳಿ. ಎದುರಿಗೆ ಏನೋ ಬಂತು ಅಂತ ತಲೆಗೆ ಹೊಳೆದು ಕೈ ಆಡುವುದಕ್ಕೆ ಒಂದು ಸೆಕೆಂಡ್. ಅದೂ ಸೇರಿ 60ರಲ್ಲಿ ನಿಲ್ಲೋಕೆ ಸುಮಾರು 35 ಮೀಟರ್ ಬೇಕು. 100ರಲ್ಲಿ 75ರ ಮೇಲೆ. 120ರಲ್ಲಿ ನೂರು ಮೀಟರ್ ದಾಟುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ಓಡುವ ದೂರ ನಾಲ್ಕರಷ್ಟು. ಇದು ಕೈಯಲ್ಲಿ ಬ್ರೇಕ್ ಹಿಡಿಯುವವರ ಲೆಕ್ಕ. ಬರೀ ಕಾಲು ಒತ್ತುವವರಿಗೆ ಬ್ರೇಕ್ ಹಿಡಿದ ಮೇಲೆ ಓಡುವ ಆ ದೂರ ಎರಡರಷ್ಟಕ್ಕೆ ಹತ್ತಿರ.

ಇನ್ನು ಶಕ್ತಿ. ನಾನು ಕೆಲಸ ಕಲಿತದ್ದು ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ದುಡಿದ ಹಿರಿಯರೊಬ್ಬರ ಹತ್ತಿರ. ಯಾದವಗಿರಿಯ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾಗುತ್ತಿದ್ದ ಯೆಜ್ಡಿ ರೋಡ್‌ಕಿಂಗ್ 250 ಸಿಸಿ, 16 ಕುದುರೆ, ಅಂದರೆ ಹಾರ್ಸ್‌ಪವರ್. ಊರಿಗೆಲ್ಲ ಅದೇ ಹುಲಿ. ಇವತ್ತಿನ 155 ಸಿಸಿ ಆರ್15 ಕೊಡುವುದು 18 ಕುದುರೆ. ಅಂದರೆ "ಪವರ್ ಸಾಲಲ್ಲ ಅಣ್ಣ" ಅನ್ನುವ ಹುಡುಗ ಈಗಾಗಲೇ ರೋಡ್‌ಕಿಂಗ್‌ಗಿಂತ ಜೋರಾದ ಗಾಡಿ ಮೇಲೆ ಕೂತಿದ್ದಾನೆ. ನಿಂಜಾ 650ಕ್ಕೆ 68 ಕುದುರೆ, ತೂಕ 196 ಕೆ.ಜಿ. ಆಸುಪಾಸು. ಆರ್15ರಲ್ಲಿ ಒಂದೊಂದು ಕುದುರೆ ಎಂಟು ಕೆ.ಜಿ. ಎಳೆದರೆ, ಇಲ್ಲಿ ಮೂರಕ್ಕೂ ಕಮ್ಮಿ. ಲೀಟರ್ ಬೈಕ್ ಅನ್ನುವ 1000 ಸಿಸಿ ಗಾಡಿಗಳಲ್ಲಿ ಅದು ಒಂದು ಕೆ.ಜಿ.ಗೆ ಬಂದು ನಿಲ್ಲುತ್ತದೆ. ಅವು ಮೊದಲನೇ ಗೇರಿನಲ್ಲೇ 100 ದಾಟುತ್ತವೆ.

ಈ ಲೆಕ್ಕ ಕೈಗೆ ಹೇಗೆ ತಿಳಿಯುತ್ತದೆ ಅಂದರೆ, ಒಂದು ಹಂಪ್ ನೋಡದೆ ಹಾರಿಸಿದಾಗ. ಮೈ ಹಿಂದಕ್ಕೆ ಹೋಗುತ್ತದೆ, ಹಿಡಿ ಗಟ್ಟಿಯಾಗುತ್ತದೆ, ಮಣಿಕಟ್ಟು ತನ್ನಷ್ಟಕ್ಕೆ ಆಕ್ಸಿಲರೇಟರನ್ನು ಅರ್ಧ ಇಂಚು ತಿರುವುತ್ತದೆ. 150 ಸಿಸಿಯಲ್ಲಿ ಗಾಡಿ ಒಂದು ಸಲ ಗುರ್ ಅಂದು ಸುಮ್ಮನಾಗುತ್ತದೆ. 650ರಲ್ಲಿ ಅದೇ ಅರ್ಧ ಇಂಚು ನಿಮ್ಮನ್ನು ಎದುರಿನ ಟಿಪ್ಪರ್ ತನಕ ಕರೆದುಕೊಂಡು ಹೋಗುತ್ತದೆ. ಗಾಬರಿಯಾದಷ್ಟೂ ಹಿಡಿ ಇನ್ನೂ ಗಟ್ಟಿ, ಗಾಡಿ ಇನ್ನೂ ಜೋರು.

ನಮ್ಮಲ್ಲಿ ಲೈಸೆನ್ಸ್‌ಗೆ ಇದೆಲ್ಲ ಲೆಕ್ಕಕ್ಕೇ ಇಲ್ಲ. ಹದಿನೆಂಟು ತುಂಬಿ, ಆರ್‌ಟಿಒ ಮೈದಾನದಲ್ಲಿ ಕಾಲು ಊರದೆ ಎಂಟು ಹೊಡೆದರೆ ಆಯ್ತು. ಸ್ಪ್ಲೆಂಡರ್‌ಗೂ 200 ಕುದುರೆಯ ಬೈಕಿಗೂ ಒಂದೇ ಕಾರ್ಡು. ಇಂಗ್ಲೆಂಡಿನಲ್ಲಿ ಹತ್ತೊಂಬತ್ತರ ಹುಡುಗನಿಗೆ 35 ಕಿಲೋವಾಟ್, ಅಂದರೆ ಸುಮಾರು 47 ಕುದುರೆಯವರೆಗೆ ಮಾತ್ರ ಬಿಡುತ್ತಾರೆ. ಅದರಲ್ಲಿ ಎರಡು ವರ್ಷ ಕಳೆದು ಮತ್ತೆ ಪರೀಕ್ಷೆ ಪಾಸಾಗಬೇಕು, ಇಲ್ಲವೇ ಇಪ್ಪತ್ನಾಲ್ಕು ತುಂಬುವ ತನಕ ಕಾಯಬೇಕು. ನಮ್ಮ ದೇಶದಲ್ಲೇ ತಯಾರಾಗುವ ಕೆಟಿಎಂ 390, ಎಪ್ರಿಲಿಯಾ 457 ಎರಡೂ ಸರಿಯಾಗಿ ಆ ಗೆರೆಯೊಳಗೆ ಕೂರುತ್ತವೆ. ಹೊರದೇಶಕ್ಕೂ ಹೋಗುವ ಗಾಡಿಗಳು, ಗೆರೆ ನೋಡಿಯೇ ಮಾಡಿರುತ್ತಾರೆ. ನಮಗೆ ಕಾನೂನು ಇಲ್ಲದಿದ್ದರೂ ಆ ಮೆಟ್ಟಿಲು ಶೋರೂಮಿನಲ್ಲೇ ಇದೆ. 150ರಿಂದ ನೇರ 650ಕ್ಕೆ ಹಾರಬೇಡಿ, ನಡುವೆ 300-450ರಲ್ಲಿ ಎರಡು ವರ್ಷ ಇರಿ ಅಂತ ನಾನು ಹೇಳುವುದು ಇದಕ್ಕೇ.

ಆಮೇಲೆ ಹುಡುಗನ ಹಿಂದಿನ ಟಯರ್ ನೋಡಿದೆ. ನಡುಭಾಗ ಚಪ್ಪಟೆ, ಎರಡು ಅಂಚಿನಲ್ಲಿ ಹೊಸ ಟಯರಿಗೆ ಇರುತ್ತಲ್ಲ ರಬ್ಬರ್ ಕೂದಲು, ಅದು ಹಾಗೇ ಇತ್ತು. ತಿರುವಿನಲ್ಲಿ ಮೊಣಕಾಲು ತಾಗಿಸಿ ಓಡಿಸು ಅಂತ ನಾನು ಯಾರಿಗೂ ಹೇಳಲ್ಲ. ಆದರೆ ಆ ಟಯರ್ ಅವನು ಓಡಾಡುವ ರಸ್ತೆ ಯಾವುದು ಅಂತ ತೋರಿಸುತ್ತಿತ್ತು. ನೇರ ರಸ್ತೆ, ಸಿಗ್ನಲ್, ಮತ್ತೆ ನೇರ ರಸ್ತೆ.

"ಈ 650ನ ಎಲ್ಲಿ ಓಡಿಸ್ತೀಯಪ್ಪಾ?" ಅಂತ ಕೇಳಿದೆ.

"ಹೈವೇಲಿ ಅಣ್ಣ."

ಯಾವ ಹೈವೇ? ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶವೇ ಇಲ್ಲ. ಆಟೊ, ಟ್ರ್ಯಾಕ್ಟರ್ ಜೊತೆ ನಮ್ಮನ್ನೂ ಸರ್ವೀಸ್ ರಸ್ತೆಗೆ ಇಳಿಸಿದ್ದಾರೆ. ಏಳು ಲಕ್ಷದ ಗಾಡಿಯಾದರೂ ಅಷ್ಟೇ, ಹಳೇ ಎಕ್ಸೆಲ್ ಮೊಪೆಡ್ ಆದರೂ ಅಷ್ಟೇ. ಬೇಲಿಯ ಆಚೆ ಕಾರುಗಳು ನೂರರಲ್ಲಿ ಹೋಗುತ್ತಿರುತ್ತವೆ. ಈಚೆ ನೀವು ರಾಂಗ್ ಸೈಡಲ್ಲಿ ಬರುವ ಸ್ಕೂಟರ್, ಬಣ್ಣ ಹೋದ ಹಂಪು, ರಸ್ತೆಗೆ ಬಂದು ನಿಂತ ಎಮ್ಮೆ ನೋಡಿಕೊಂಡು ಎರಡು ಮೂರನೇ ಗೇರಿನಲ್ಲಿ ಸಾಗಬೇಕು. ಕಬ್ಬು ಅರೆಯುವ ಸೀಜನ್‌ನಲ್ಲಿ ಇನ್ನೂ ಕಷ್ಟ. ಹಿಂದೆ ದೀಪವಿಲ್ಲದ ಟ್ರೇಲರ್, ಅದರ ತುಂಬ ಕಬ್ಬು, ಇಬ್ಬದಿಗೂ ಚಾಚಿಕೊಂಡ ಜಲ್ಲೆ. ರಾತ್ರಿ ಎಂಟು ಗಂಟೆಗೆ ಅದು ಕಾಣಿಸುವುದು ಹತ್ತಿರ ಹೋದ ಮೇಲೇ. ಮೇಲಿನ ಮೀಟರ್ ಲೆಕ್ಕವನ್ನು ಈ ಟ್ರೇಲರ್ ಎದುರಿಗೆ ಇಟ್ಟು ನೋಡಿ.

ಒಳರಸ್ತೆಗೆ ಹೋದರೆ ಒಕ್ಕಣೆ. ನಾನೇ ಒಂದು ಸಲ ನಾಗಮಂಗಲದ ಕಡೆ ಗಿರಾಕಿಯ ಬೈಕ್ ಟ್ರಯಲ್ ನೋಡಲು ಹೋಗಿದ್ದೆ. ತಿರುವು ದಾಟಿದರೆ ರಸ್ತೆ ತುಂಬ ಹುರುಳಿ ಹರಡಿದ್ದರು. ವೇಗ 40 ಅಷ್ಟೇ. ಗಾಡಿ ವಾಲಿತ್ತು, ನಾನು ಬ್ರೇಕ್ ಹಿಡಿದೆ, ಅದೇ ತಪ್ಪು. ಹುರುಳಿ ಕಾಳು ಟಯರ್ ಕೆಳಗೆ ಬೇರಿಂಗ್ ಗುಂಡಿನ ಹಾಗೆ ಉರುಳಿತು, ನಾನು ಹುರುಳಿ ರಾಶಿಯಲ್ಲಿ ಅಂಗಾತ. ಒಕ್ಕಣೆ ಮಾಡುತ್ತಿದ್ದ ಅಜ್ಜಿ ಮೊದಲು ಕಾಳು ನೋಡಿಕೊಂಡರು, ಆಮೇಲೆ ನನ್ನ ನೋಡಿದರು. ಎಡ ಮೊಣಕೈಯಲ್ಲಿ ಕಲೆ ಇನ್ನೂ ಇದೆ.

"ಎಬಿಎಸ್ ಇದೆಯಲ್ಲಣ್ಣ" ಅನ್ನುತ್ತಾರೆ. 2019ರ ಏಪ್ರಿಲ್‌ನಿಂದ 125 ಸಿಸಿ ಮೇಲ್ಪಟ್ಟ ಎಲ್ಲ ಹೊಸ ಬೈಕಿಗೂ ಎಬಿಎಸ್ ಕಡ್ಡಾಯ, ನಿಜ. ಅದು ಇರಲೇಬೇಕು. ಆದರೆ ಅದರ ಕೆಲಸ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವುದು. ಟಯರ್ ಕೆಳಗೆ ಹಿಡಿತವೇ ಇಲ್ಲದಿದ್ದಾಗ ಅದು ಹಿಡಿತ ಹುಟ್ಟಿಸುವುದಿಲ್ಲ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ತೆರಿಗೆ, ವಿಮೆಯ ಗೆರೆ 350 ಸಿಸಿಗೆ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ ಅದರ ಒಳಗಿನ ಬೈಕಿಗೆ ಜಿಎಸ್‌ಟಿ ಶೇ 18, ಮೇಲಿನದಕ್ಕೆ ಶೇ 40. 2022ರಲ್ಲಿ ನಿಗದಿಯಾದ ದರದಂತೆ ಥರ್ಡ್ ಪಾರ್ಟಿ ವಿಮೆ 150-350ರ ನಡುವೆ ವರ್ಷಕ್ಕೆ 1,366 ರೂಪಾಯಿ, 350 ದಾಟಿದರೆ 2,804. ಇದೆಲ್ಲ ಮೊದಲೇ ಗೊತ್ತಾಗುವ ಖರ್ಚು. ಗೊತ್ತಾಗದೆ ಬರುವುದು ಟಯರ್. 650ರ ಜೊತೆ ಟಯರಿಗೆ 25 ಸಾವಿರದ ಆಸುಪಾಸು. ಮೆತ್ತನೆ ರಬ್ಬರಿನ ಸ್ಪೋರ್ಟ್ ಟಯರ್ ಆದರೆ ಹತ್ತು ಸಾವಿರ ಕಿ.ಮೀ. ಬರುವುದೇ ಕಷ್ಟ. ಬಿದ್ದು ಒಂದು ಫೇರಿಂಗ್, ಅಂದರೆ ಮೈಮೇಲಿನ ಪ್ಲಾಸ್ಟಿಕ್ ಹೊದಿಕೆ, ಒಡೆದರೆ ಬಿಡಿಭಾಗ ಬೆಂಗಳೂರಿನಿಂದ ಬರುವ ತನಕ ಗಾಡಿ ನಮ್ಮ ಗ್ಯಾರೇಜಿನ ಮೂಲೆಯಲ್ಲಿ ಬೆಡ್‌ಶೀಟ್ ಹೊದ್ದು ನಿಂತಿರುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ ಒಂದು ಗುಟ್ಟು. ಪೇಂಟ್ ನೋಡಿ ಮರುಳಾಗಬೇಡಿ, ಅದನ್ನು ಎರಡು ದಿನದಲ್ಲಿ ಹೊಡೆಸಬಹುದು. ಹ್ಯಾಂಡಲನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ಕೆಳಗೆ ಮೊಬೈಲ್ ಟಾರ್ಚ್ ಬಿಡಿ. ಹ್ಯಾಂಡಲ್ ಅಲ್ಲಿಗೇ ನಿಲ್ಲಲಿ ಅಂತ ಚಾಸಿಯ ಕುತ್ತಿಗೆಯಲ್ಲಿ ಒಂದು ಗಟ್ಟಿ ಮೂಗು ಇರುತ್ತದೆ, ಸ್ಟಾಪರ್. ಅದು ಜಜ್ಜಿದ್ದರೆ, ಬಾಗಿದ್ದರೆ, ಅದರ ಸುತ್ತ ಮಾತ್ರ ಹೊಸ ಬಣ್ಣ ಇದ್ದರೆ, ಆ ಗಾಡಿ ಎಲ್ಲೋ ಜೋರಾಗಿ ಬಿದ್ದಿದೆ. ಫೇರಿಂಗ್ ಬದಲಾಯಿಸಿದವರು ಸ್ಟಾಪರ್ ಮರೆತಿರುತ್ತಾರೆ.

ಹಾಗಂತ ನಾನು ಎಲ್ಲರಿಗೂ ಬೇಡ ಅನ್ನುವವನಲ್ಲ. ಸರಸ್ವತಿಪುರಂನ ಲೆಕ್ಚರರ್ ಒಬ್ಬರು ನಾಲ್ಕು ವರ್ಷ 390 ಓಡಿಸಿದರು. ಮುಂದಿನ ಪ್ಯಾಡ್ ಮೂರು ಸಲ ನಾನೇ ಬದಲಾಯಿಸಿದ್ದೇನೆ. ಚೈನ್ ಯಾವತ್ತೂ ಒಣಗಿರಲಿಲ್ಲ, ಲಿವರ್ ಬಾಗಿರಲಿಲ್ಲ. ಮನೆಯಲ್ಲಿ ಬೇರೆ ಸ್ಕೂಟರ್ ಇದೆ, ತರಕಾರಿ, ಮಗಳ ಟ್ಯೂಷನ್ ಎಲ್ಲ ಅದರಲ್ಲೇ. ಅವರು 650 ತಗೊಂಡಾಗ ನಾನು ಸಂತೋಷವಾಗಿ ಪೂಜೆಗೆ ಹೋಗಿ ಬಂದೆ. ಭಾನುವಾರ ಬೆಳಗ್ಗೆ ಐದೂವರೆಗೆ ಹುಣಸೂರು ರಸ್ತೆ ಹಿಡಿದು ಮಡಿಕೇರಿ ಕಡೆ ಹೋಗುತ್ತಾರೆ, ತಿಂಡಿ ತಿಂದು ಬಿಸಿಲೇರುವ ಮುಂಚೆ ವಾಪಸ್. ಅಂಥವರಿಗೆ ಆ ಗಾಡಿ ಕೊಡುವ ಖುಷಿ ನನಗೆ ಗೊತ್ತು. ಆರನೇ ಗೇರಿನಲ್ಲಿ, ಏನೂ ಅವಸರವಿಲ್ಲದೆ, ಎಂಜಿನ್ ಸುಮ್ನೆ ಗುನುಗುತ್ತಾ ಇರುತ್ತದಲ್ಲ, ಅದಕ್ಕೆ ನಾನೂ ಸೋತವನೇ.

ಮದ್ದೂರಿನ ಹುಡುಗನ ಮನೆಯಲ್ಲಿ ಬೇರೆ ಗಾಡಿ ಇರಲಿಲ್ಲ. ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದೂ ಇದರಲ್ಲೇ. ಆ 650ರ ಹಿಂದಿನ ಸೀಟು ಹಪ್ಪಳದಷ್ಟಗಲ, ಅಮ್ಮ ಸೀರೆ ಉಟ್ಟು ಹತ್ತುವುದು ಹೇಗೆ ಅಂತ ಕೇಳಿದೆ. ಅವನು ತಲೆ ಕೆರೆದುಕೊಂಡ.

ಎರಡೂ ಪ್ಯಾಡ್ ಹೊಸದು ಹಾಕಿ ಒಂದು ಕೆಲಸ ಹೇಳಿದೆ. ರಿಂಗ್ ರೋಡ್ ಆಚೆ ಮನೆ ಏಳದ ಲೇಔಟ್‌ಗಳು ಬೇಕಾದಷ್ಟಿವೆ. ಬೆಳಗ್ಗೆ ಅಲ್ಲಿಗೆ ಹೋಗು. ಒಂದು ಕಲ್ಲು ಇಡು. 40ರಲ್ಲಿ ಬಂದು ಕಲ್ಲಿನ ಹತ್ತಿರ ಬ್ರೇಕ್ ಹಿಡಿ. ಮೊದಲು ಹಿಂದಿನದಷ್ಟೇ, ಆಮೇಲೆ ಎರಡೂ. ಮುಂದಿನದನ್ನು ಗಬಕ್ಕನೆ ಹಿಡಿಯಬೇಡ, ನಿಂಬೆಹಣ್ಣು ಹಿಂಡಿದ ಹಾಗೆ, ಶುರುವಿನಲ್ಲಿ ಮೆತ್ತಗೆ, ಆಮೇಲೆ ಗಟ್ಟಿ. ನಿಂತ ಜಾಗದಿಂದ ಕಲ್ಲಿನ ತನಕ ಹೆಜ್ಜೆ ಎಣಿಸು. ಅದೇ ಸಂಜೆ ಫೋನ್ ಮಾಡಿದ. "ಅಣ್ಣ, ಹಿಂದಿಂದೇ ಹಿಡುದ್ರೆ ಇಪ್ಪತ್ತೈದು ಹೆಜ್ಜೆ ಆಯ್ತದೆ. ಎಲ್ಡೂ ಹಿಡುದ್ರೆ ಹದಿಮೂರು!"

ಆಷಾಢದಲ್ಲಿ ಮತ್ತೆ ಬಂದ. ಕ್ಯಾಲಿಪರ್ ಬಿಚ್ಚಿ ನೋಡಿದೆ. ಮುಂದಿನ ಪ್ಯಾಡ್ ಚೆನ್ನಾಗಿ ಸವೆದಿತ್ತು. ಆ 650 ಅಷ್ಟೊತ್ತಿಗೆ ಯಾರದೋ ಪಾಲಾಗಿತ್ತು. "ಹೋಗ್ಲಿ ಬುಡಿ ಅಣ್ಣ. ವಿಜಯನಗರದಲ್ಲಿ 390 ಒಂದ್ ಅದೆ, ಬಂದು ಸ್ಟಾಪರ್ ನೋಡ್ಕೊಡ್ತೀರಾ? ದುಡ್ ಕೊಡಾದು ಮಾತ್ರ ಶ್ರಾವಣಕ್ಕೆ ಅಂದದೆ ಅಮ್ಮ" ಅಂದ. ಭಾನುವಾರ ಟಾರ್ಚ್ ತಗೊಂಡು ಹೋಗುತ್ತಿದ್ದೇನೆ.