ಬ್ರಿಟನ್ನಿನ ವಾರ್ಡಿನಲ್ಲಿ ಮೊದಲ ರಾತ್ರಿ ಪಾಳಿಗೆ ಮುನ್ನ

ಬ್ರಿಟನ್ನಿನಲ್ಲಿ ಕೆಲಸ ಮಾಡಲು ಹೊರದೇಶದ ವೈದ್ಯರು ಬರೆಯುವ ಪ್ಲ್ಯಾಬ್ ಪರೀಕ್ಷೆಯ ಮೊದಲ ಭಾಗದಲ್ಲಿ 180 ಪ್ರಶ್ನೆ, ಮೂರು ತಾಸು. ಎರಡನೇ ಭಾಗಕ್ಕೆ ಮ್ಯಾಂಚೆಸ್ಟರ್‌ಗೇ ಹೋಗಬೇಕು. ಎರಡನ್ನೂ ದಾಟಿ, ಅಲ್ಲಿನ ವೈದ್ಯಕೀಯ ಮಂಡಳಿಯಾದ ಜಿಎಂಸಿಯ ನೋಂದಣಿ ಪಡೆದು ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆ ಸೇರುವ ಭಾರತದ ವೈದ್ಯರಿಗೆ ಓದು ಕಡಿಮೆ ಇರುವುದಿಲ್ಲ. ಆದರೂ ಮೊದಲ ತಿಂಗಳುಗಳಲ್ಲಿ ಅವರು ತಡವರಿಸುತ್ತಾರೆ. ಯಾರಿಗೆ ಯಾವಾಗ ಹೇಳಬೇಕು, ಯಾರನ್ನು ಕೇಳದೆ ಏನು ಮಾಡಬಾರದು ಎಂಬ ಕ್ರಮ ಅಲ್ಲಿ ಬೇರೆ. ಅದನ್ನು ಕೂರಿಸಿ ಹೇಳಿಕೊಡುವವರು ಕಡಿಮೆ.

ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಹಿರಿಯರಿಗೆ ಫೋನ್ ಮಾಡುವ ವಿಷಯ. ನಡುರಾತ್ರಿ ಹಿರಿಯರನ್ನು ಎಬ್ಬಿಸುವುದು ತನ್ನ ಅಸಾಮರ್ಥ್ಯ ಒಪ್ಪಿಕೊಂಡಂತೆ ಎಂದು ನಂಬಿ ಬೆಳೆದವರು ಇನ್ನೊಂದು ತಾಸು ನೋಡೋಣ ಎಂದು ಕಾಯುತ್ತಾರೆ. ಅಲ್ಲಿ ಕಾಯುವುದೇ ತಪ್ಪು. ಗರ್ಭಿಣಿಯರನ್ನು ಬಿಟ್ಟು ವಾರ್ಡಿನ ವಯಸ್ಕ ರೋಗಿಗಳಿಗೆ, ಸ್ಥಿತಿ ಎಷ್ಟು ಹದಗೆಟ್ಟಿದೆ ಎಂದು ತೋರಿಸುವ ನ್ಯೂಸ್-2 ಅಂಕ ಲೆಕ್ಕ ಹಾಕುತ್ತಾರೆ: ಉಸಿರಾಟದ ವೇಗ, ರಕ್ತದ ಆಮ್ಲಜನಕ, ಹೊರಗಿನಿಂದ ಆಮ್ಲಜನಕ ಕೊಡುತ್ತಿದ್ದಾರೆಯೇ, ಸಿಸ್ಟಾಲಿಕ್ ರಕ್ತದೊತ್ತಡ, ನಾಡಿ, ಪ್ರಜ್ಞೆ, ಜ್ವರ. ಒಟ್ಟು 5 ಅಥವಾ 6 ಆದರೆ ತುರ್ತಾಗಿ ನೋಡಬೇಕು. 7 ಅಥವಾ ಹೆಚ್ಚಾದರೆ ಗಂಭೀರ ರೋಗಿಗಳನ್ನು ನಿಭಾಯಿಸಬಲ್ಲ ತಂಡವೇ ಬರಬೇಕು. ಯಾವುದಾದರೂ ಒಂದೇ ಅಳತೆಗೆ 3 ಬಂದರೂ ವೈದ್ಯರು ಬಂದು ನೋಡಬೇಕು.

72 ವರ್ಷದ ನ್ಯುಮೋನಿಯಾ ರೋಗಿಯೊಬ್ಬರನ್ನು ತೆಗೆದುಕೊಳ್ಳಿ. ಉಸಿರಾಟ ನಿಮಿಷಕ್ಕೆ 26, ಆಮ್ಲಜನಕ ಕೊಟ್ಟೂ ಪ್ರಮಾಣ ಶೇ 92, ರಕ್ತದೊತ್ತಡ 98, ನಾಡಿ 118, ಜ್ವರ 38.4 ಡಿಗ್ರಿ ಸೆಲ್ಸಿಯಸ್, ಪ್ರಜ್ಞೆ ಸರಿಯಾಗಿದೆ. ಕೂಡಿದರೆ 12. ಹೊಸಬರು ಫೋನಿನಲ್ಲಿ ದಾಖಲಾದ ದಿನದಿಂದ ಕಥೆ ಶುರು ಮಾಡುತ್ತಾರೆ. ಪಾಳಿಯ ಹಿರಿಯ ವೈದ್ಯರಾದ ರಿಜಿಸ್ಟ್ರಾರ್‌ಗೆ ವಿಷಯದ ತೂಕ ತಿಳಿಯುವ ಹೊತ್ತಿಗೆ ಎರಡು ನಿಮಿಷ ಕಳೆದಿರುತ್ತದೆ. ಈಗಿನ ಸ್ಥಿತಿ, ಹಿನ್ನೆಲೆ, ತನ್ನ ಅಂದಾಜು, ಏನು ಆಗಬೇಕು ಎಂಬ ಎಸ್‌ಬಿಎಆರ್ ಕ್ರಮದಲ್ಲಿ ಹೇಳಿದರೆ ಮಾತು ಹೀಗಿರುತ್ತದೆ: 'ಏಳನೇ ವಾರ್ಡಿನ ರಾತ್ರಿ ವೈದ್ಯೆ ಮಾತಾಡುತ್ತಿದ್ದೇನೆ. ರೋಗಿಯ ನ್ಯೂಸ್ 12ಕ್ಕೆ ಏರಿದೆ. ನಿನ್ನೆ ನ್ಯುಮೋನಿಯಾ ಎಂದು ದಾಖಲಾದವರು. ಸೆಪ್ಸಿಸ್ (ಸೋಂಕಿನಿಂದ ಅಂಗಾಂಗಗಳೇ ಕೆಡುವ ಸ್ಥಿತಿ) ಎಂದು ನನ್ನ ಅನುಮಾನ. ಬ್ಲಡ್ ಕಲ್ಚರ್ ತೆಗೆದು ಲ್ಯಾಕ್ಟೇಟ್ ಪರೀಕ್ಷೆಗೂ ರಕ್ತ ಕಳಿಸಿದ್ದೇನೆ, ಡ್ರಿಪ್ ಹಾಕಿದ್ದೇನೆ. ನೀವು ಈಗಲೇ ಬಂದು ನೋಡಬೇಕು.' ಕೊನೆಯ ವಾಕ್ಯವನ್ನು ಹಲವರು ಸಂಕೋಚದಿಂದ ನುಂಗಿಬಿಡುತ್ತಾರೆ. ಅದಿಲ್ಲದಿದ್ದರೆ ಆ ಕಡೆಯವರು ಇದು ಬರೀ ಮಾಹಿತಿಗೆ ಮಾಡಿದ ಕರೆ ಎಂದುಕೊಳ್ಳುತ್ತಾರೆ. ಹೃದಯ ನಿಂತರೆ ಇಷ್ಟೂ ಬೇಡ, 2222ಕ್ಕೆ ಕರೆ ಮಾಡಿ ವಯಸ್ಕ ರೋಗಿಯ ಹೃದಯ ನಿಂತಿದೆ ಎಂದೂ ವಾರ್ಡಿನ ಹೆಸರನ್ನೂ ಹೇಳಿದರೆ ಸಾಕು.

ಅಳತೆಗಳ ಬಗ್ಗೆ ವಿಶೇಷ ಎಚ್ಚರ ಬೇಕು. ರಕ್ತದ ಸಕ್ಕರೆಯನ್ನು ಅಲ್ಲಿ ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ ಕೊಡುತ್ತಾರೆ. ನಮ್ಮ ಮಿಲಿಗ್ರಾಂ ಲೆಕ್ಕಕ್ಕೆ ತರಲು 18ರಿಂದ ಗುಣಿಸಬೇಕು. 10 ಎಂದರೆ ನಮ್ಮ 180. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ 88 ಎಂದು ನೋಡಿ ಗಾಬರಿಯಾಗಬೇಕಿಲ್ಲ, ಅದು ನಮ್ಮ 1. ಹಿಮೋಗ್ಲೋಬಿನ್ 130 ಎಂದರೆ 13. ಇನ್ಸುಲಿನ್ ಬರೆಯುವಾಗ ಯೂನಿಟ್ ಎಂಬುದನ್ನು ಪೂರ್ತಿ ಬರೆಯಬೇಕು. ಬರೀ ಇಂಗ್ಲಿಷಿನ 'ಯು' (U) ಅಕ್ಷರ ಹಾಕಿದರೆ ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗಿ ಹೋದೀತು. ಮೈಕ್ರೋಗ್ರಾಂಗೂ ಇದೇ ನಿಯಮ. ಔಷಧಿಯನ್ನು ಜನೆರಿಕ್ ಹೆಸರಿನಲ್ಲೇ ಬರೆಯುವುದು ರೂಢಿ. ಆದರೆ ಫೆನಿಟಾಯಿನ್, ಕಾರ್ಬಮಜೆಪಿನ್‌ನಂಥ ಕೆಲವು ಅಪಸ್ಮಾರದ ಔಷಧಿಗಳಲ್ಲಿ ರೋಗಿ ಬಳಸುತ್ತಿರುವ ಬ್ರ್ಯಾಂಡನ್ನೇ ಮುಂದುವರಿಸಬೇಕು. ರೋಗಿಗೆ ಪೆನಿಸಿಲಿನ್ ಅಲರ್ಜಿ ಇದ್ದಾಗ, ಟ್ಯಾಜೋಸಿನ್ ಎಂಬ ಆ್ಯಂಟಿಬಯಾಟಿಕ್‌ನ ಹೆಸರಿನಲ್ಲೂ ಪೆನಿಸಿಲಿನ್ ಅಡಗಿದೆ ಎಂಬುದನ್ನು ಮರೆಯಬಾರದು. ನಿಮ್ಮ ಪ್ರಿಸ್ಕ್ರಿಪ್ಷನ್ ಸಂದೇಹ ಹುಟ್ಟಿಸಿದರೆ ನರ್ಸ್ ಔಷಧಿ ಕೊಡಲು ನಿರಾಕರಿಸಬಹುದು, ಫಾರ್ಮಸಿಸ್ಟ್ ಬಂದು ಪ್ರಶ್ನಿಸಬಹುದು. ಅದು ಅವಮಾನವಲ್ಲ, ಅವರ ಕರ್ತವ್ಯ. ಅಂಥ ಪ್ರಶ್ನೆಗೆ ಸಿಡುಕಿದ ವೈದ್ಯರಿಗೆ ಮುಂದೆ ಯಾರೂ ತಪ್ಪು ತೋರಿಸಲು ಬರುವುದಿಲ್ಲ. ಅಪಾಯ ಇರುವುದು ಅಲ್ಲಿ.

ಮನೆಯವರ ಜೊತೆಗಿನ ಮಾತು ಇನ್ನೊಂದು ಕಗ್ಗಂಟು. ಮಗನಿಗೆ ಮೊದಲು ಹೇಳಿ, ತಾಯಿಗೆ ಕ್ಯಾನ್ಸರ್ ವಿಷಯ ಮುಚ್ಚಿಡುವುದು ನಮ್ಮಲ್ಲಿ ಕರುಣೆ ಎನಿಸಿಕೊಳ್ಳುತ್ತದೆ. ಅಲ್ಲಿ ಅದು ಗೋಪ್ಯತೆಯ ಉಲ್ಲಂಘನೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಮೆಂಟಲ್ ಕೆಪಾಸಿಟಿ ಆ್ಯಕ್ಟ್ ಪ್ರಕಾರ, ಅಲ್ಲವೆಂದು ತೋರಿಸುವವರೆಗೆ ರೋಗಿಗೆ ನಿರ್ಧರಿಸುವ ಸಾಮರ್ಥ್ಯ ಇದೆ ಎಂದೇ ನಂಬಿ ನಡೆಯಬೇಕು. ಕಾನೂನುಬದ್ಧ ಅಧಿಕಾರಪತ್ರವಿಲ್ಲದೆ ಗಂಡನೋ ಮಗಳೋ ಅವರ ಪರವಾಗಿ ಒಪ್ಪಿಗೆ ಕೊಡಲು ಬರುವುದಿಲ್ಲ. ಸಹಿ ಹಾಕಿಸಿಕೊಂಡರೆ ಒಪ್ಪಿಗೆ ಮುಗಿಯಿತು ಎಂದೂ ಇಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟಿನ 2015ರ ಮಾಂಟ್ಗೊಮರಿ ತೀರ್ಪಿನ ನಂತರ, ಈ ರೋಗಿಗೆ ಯಾವ ಅಪಾಯ ಮುಖ್ಯವೆನಿಸಬಹುದೋ ಅದನ್ನೂ ಬೇರೆ ದಾರಿಗಳನ್ನೂ ಹೇಳಲೇಬೇಕು. ಏನು ಮಾತಾಯಿತು ಎಂಬುದನ್ನು ದಿನಾಂಕ, ಸಮಯ ಹಾಕಿ ಕೇಸ್ ಶೀಟಿನಲ್ಲಿ ಬರೆದಿಡಿ.

ಇಷ್ಟಾಗಿಯೂ ದೂರು ಬಂದರೆ, ಎನ್‌ಎಚ್‌ಎಸ್ ರೋಗಿಗಳ ಪರಿಹಾರದ ದಾವೆಗಳನ್ನು ನೋಡಿಕೊಳ್ಳುತ್ತದೆಯೇ ಹೊರತು ಜಿಎಂಸಿ ವಿಚಾರಣೆಯಲ್ಲಿ ವೈದ್ಯರ ಪರ ವಾದಿಸುವುದಿಲ್ಲ. ವೈದ್ಯರಿಗೆ ಕಾನೂನು ನೆರವು ಕೊಡುವ ಎಂಡಿಯು, ಎಂಪಿಎಸ್‌ನಂಥ ಸಂಸ್ಥೆಯ ಸದಸ್ಯತ್ವವನ್ನು ಕೆಲಸದ ಮೊದಲ ದಿನಕ್ಕೆ ಮುಂಚೆಯೇ ಪಡೆದಿರಬೇಕು.

ಹಾಗೆಂದು ಎಲ್ಲ ಹೊಣೆಯನ್ನೂ ಹೊಸಬರ ಮೇಲೆ ಹೊರಿಸುವುದು ಅನ್ಯಾಯ. ಕಂಪ್ಯೂಟರ್ ಲಾಗಿನ್ ಕೂಡ ಸಿಗದವರನ್ನು ಮೊದಲ ವಾರವೇ ರಾತ್ರಿ ಪಾಳಿಗೆ ಹಾಕುವ ಆಸ್ಪತ್ರೆ ರೋಗಿಗಳನ್ನೂ ವೈದ್ಯರನ್ನೂ ಅಪಾಯಕ್ಕೆ ದೂಡುತ್ತದೆ. ಕನಿಷ್ಠ ಎರಡು ವಾರ ಪಾಳಿಪಟ್ಟಿಯ ಲೆಕ್ಕಕ್ಕೆ ಸೇರದೆ, ಇನ್ನೊಬ್ಬ ವೈದ್ಯರ ಜೊತೆಗಿದ್ದು ಕಲಿಯುವ ಅವಕಾಶ ಬೇಕೇ ಬೇಕು. ಕೆಲಸದ ಪತ್ರಕ್ಕೆ ಸಹಿ ಹಾಕುವ ಮುನ್ನ ಇದನ್ನು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಮೊದಲ ತಿಂಗಳ ಪಾಳಿಪಟ್ಟಿ, ಮೇಲ್ವಿಚಾರಕ ವೈದ್ಯರ ಹೆಸರು, ಅವರನ್ನು ಭೇಟಿಯಾಗುವ ದಿನಾಂಕವನ್ನೂ ಅದೇ ಪತ್ರದಲ್ಲಿ ಕೇಳಬಹುದು. ಜಿಎಂಸಿ ಹೊಸಬರಿಗೆಂದೇ ನಡೆಸುವ ವೆಲ್ಕಮ್ ಟು ಯುಕೆ ಪ್ರಾಕ್ಟೀಸ್ ಕಾರ್ಯಾಗಾರ ಉಚಿತ. ಅದಕ್ಕೂ ಆಗಲೇ ಹೆಸರು ಕೊಡಿ.