ಗುಂಡಿನಂತೆ ಓಡುವ ಕುದುರೆ ಸಾಧುವೂ ಆಗಿರುತ್ತದಾ?

ಓದುಗರ ಪ್ರಶ್ನೆ: ಅಮೆರಿಕದ ಟೀಮ್ ರೋಪಿಂಗ್ (ಇಬ್ಬರು ಸವಾರರು ಹಗ್ಗ ಎಸೆದು ಹೋರಿ ಹಿಡಿಯುವ ಆಟ) ವಿಡಿಯೊಗಳಲ್ಲಿ ಕುದುರೆಗಳು ಹೋರಿಯ ಹಿಂದೆ ಪ್ರಾಣ ಹೋಗುವ ಹಾಗೆ ಓಡುತ್ತವೆ. ಅಂಥ ಕುದುರೆಗಳನ್ನು ಮಾರುವವರು ‘ರಾಂಚ್ (ದನ ಸಾಕುವ ದೊಡ್ಡ ಫಾರ್ಮ್) ಕೆಲಸಕ್ಕೂ ಆಗುತ್ತೆ, ಮಕ್ಕಳೂ ಕೂರಬಹುದು’ ಅಂತಾರೆ. ಸುಮ್ನೆ ಹೇಳೋದಾ?

ಎಲ್ಲರೂ ಸುಮ್ನೆ ಹೇಳುವುದಿಲ್ಲ. ಒಳ್ಳೆ ರೋಪಿಂಗ್ ಕುದುರೆಗೆ ಓಡುವುದಕ್ಕಿಂತ ಕಾಯುವುದು ಚೆನ್ನಾಗಿ ಗೊತ್ತಿರಬೇಕು.

ಈ ಆಟ ಶುರುವಾಗಿದ್ದೇ ರಾಂಚ್ ಕೆಲಸದಿಂದ. ಅಲ್ಲಿ ದನಗಳು ಬಯಲಲ್ಲೇ ಮೇಯುತ್ತವೆ. ಒಂದಕ್ಕೆ ಕಾಯಿಲೆ ಬಂದರೆ ನಿಂತ ಜಾಗದಲ್ಲೇ ಹಿಡಿಯಬೇಕು. ಬೆಳೆದ ದನ ಒಬ್ಬನ ಕೈಗೆ ಬಗ್ಗುವುದಿಲ್ಲ. ಅದಕ್ಕೆ ಒಬ್ಬ ಸವಾರ ಕೊಂಬಿಗೆ ಹಗ್ಗ ಹಾಕುತ್ತಾನೆ, ಇನ್ನೊಬ್ಬ ಹಿಂಗಾಲಿಗೆ. ಎರಡೂ ಕಡೆ ಬಿಗಿದರೆ ಔಷಧಿ ಕೊಡಬಹುದು. ರೋಡಿಯೊದವರು, ಅಂದರೆ ಕೌಬಾಯ್ ಆಟಗಳ ಸ್ಪರ್ಧೆ ನಡೆಸುವವರು, ಈ ಕೆಲಸಕ್ಕೇ ಸ್ಟಾಪ್‌ವಾಚ್ ಹಿಡಿದರು.

ಸ್ಪರ್ಧೆಯಲ್ಲಿ ಕೊಂಬು ಹಿಡಿಯುವ ಹೆಡರ್, ಹೋರಿ ಬಿಡುವ ಗೇಟಿನ ಎಡಗಡೆಯ ಬಾಕ್ಸ್‌ನಲ್ಲಿ (ಕುದುರೆ ಕಾದು ನಿಲ್ಲುವ ಕಟಕಟೆ) ನಿಲ್ಲುತ್ತಾನೆ, ಕಾಲು ಹಿಡಿಯುವ ಹೀಲರ್ ಬಲಗಡೆ. ಹೋರಿಗೆ ಮೊದಲು ಸ್ವಲ್ಪ ದೂರ ಬಿಟ್ಟುಕೊಡಬೇಕು. ಹೆಡರ್ ಆತುರಪಟ್ಟು ಮೊದಲೇ ನುಗ್ಗಿದರೆ 10 ಸೆಕೆಂಡ್ ದಂಡ. ದೊಡ್ಡ ಸ್ಪರ್ಧೆಗಳಲ್ಲಿ ಇಡೀ ಕೆಲಸ ನಾಲ್ಕೈದು ಸೆಕೆಂಡಿಗೆ ಮುಗಿಯುವಾಗ 10 ಅಂದರೆ ಕಥೆ ಮುಗಿಯಿತು ಅಂತಲೇ ಲೆಕ್ಕ. ಹಾಗಾಗಿ ಬಾಕ್ಸ್‌ನಲ್ಲಿ ಕುಣಿಯುವ ಕುದುರೆ ಎಷ್ಟು ವೇಗದ್ದಾದರೂ ಉಪಯೋಗವಿಲ್ಲ.

ಅತಿ ನಾಜೂಕಿನ ಗಳಿಗೆ ಆಮೇಲೆ ಬರುತ್ತದೆ. ಕೊಂಬಿಗೆ ಕುಣಿಕೆ ಬಿದ್ದ ತಕ್ಷಣ ಹೆಡರ್ ಹಗ್ಗದ ಇನ್ನೊಂದು ತುದಿಯನ್ನು ಜೀನಿನ ಮುಂದಿರುವ ಗೂಟಕ್ಕೆ ಸುತ್ತುತ್ತಾನೆ. ಹಗ್ಗಕ್ಕೂ ಗೂಟಕ್ಕೂ ನಡುವೆ ಹೆಬ್ಬೆರಳು ಸಿಕ್ಕಿಬಿದ್ದರೆ ತುಂಡಾಗಲೂಬಹುದು. ಹಾಗೆ ಬೆರಳು ಕಳೆದುಕೊಂಡವರು ಈ ಆಟದಲ್ಲಿ ನಿಜವಾಗಿಯೂ ಇದ್ದಾರೆ. ಸುತ್ತು ಬೀಳುವ ತನಕ ಕುದುರೆ ಅಡ್ಡಾದಿಡ್ಡಿ ಜಗ್ಗಬಾರದು. ಬಿದ್ದ ಮೇಲೆ ವೇಗ ತಗ್ಗಿಸಿ, ಎಡಕ್ಕೆ ತಿರುಗಿ, ಹೋರಿಯನ್ನು ಒಂದೇ ಸಮನೆ ಎಳೆಯಬೇಕು. ಹೀಲರ್‌ನ ಕುದುರೆ ಆ ತಿರುವನ್ನೇ ಹಿಂಬಾಲಿಸಿ, ಹಗ್ಗ ಹಿಂಗಾಲಿಗೆ ಬಿದ್ದ ಕೂಡಲೇ ಹಿಂಭಾಗ ತಗ್ಗಿಸಿ ಗಕ್ಕನೆ ನಿಲ್ಲಬೇಕು. ಹೋರಿಯ ಭಾರ ಎಳೆಯಬೇಕಲ್ಲ, ಹೆಡರ್‌ಗಳು ಸಾಮಾನ್ಯವಾಗಿ ದಪ್ಪ ಮೈಯ ಕುದುರೆಯನ್ನೇ ಬಯಸುತ್ತಾರೆ. ಹೀಲರ್‌ಗಳಿಗೆ ಚುರುಕಾದದ್ದು ಬೇಕು. ಎರಡೂ ಕಡೆ ಸಲ್ಲುವ ಕುದುರೆಗೆ ಬೇಡಿಕೆ ಜಾಸ್ತಿ.

ಇವುಗಳಲ್ಲಿ ಬಹುಪಾಲು ಕ್ವಾರ್ಟರ್ ಹಾರ್ಸ್ ತಳಿಯವು. ಕಾಲು ಮೈಲಿ, ಅಂದರೆ ಸುಮಾರು 400 ಮೀಟರ್ ಓಟದಲ್ಲಿ ಮಿಂಚುತ್ತಿದ್ದುದಕ್ಕೆ ಆ ಹೆಸರು. 1940ರಲ್ಲಿ ಟೆಕ್ಸಸ್‌ನಲ್ಲಿ ಇದಕ್ಕೆಂದೇ ಒಂದು ಸಂಘವೂ ಹುಟ್ಟಿತು. ದನ ಯಾವ ಕಡೆ ತಿರುಗುತ್ತದೆ ಎಂದು ಮೊದಲೇ ಗ್ರಹಿಸುವ ಚಾಲಾಕುತನ ಇವಕ್ಕೆ ರಕ್ತದಲ್ಲೇ ಬಂದಿರುತ್ತದೆ.

ಆದರೆ ಸ್ವಭಾವವನ್ನು ತಳಿ ಅರ್ಧ ಕೊಟ್ಟರೆ ಉಳಿದರ್ಧ ಕೊಡುವುದು ದಿನದ ಕೆಲಸ. ಬಾಕ್ಸ್‌ಗೆ ಹೋದಾಗಲೆಲ್ಲ ಓಡಿಸಿದರೆ ಕುದುರೆಗೆ ಬಾಕ್ಸ್ ಕಂಡರೇ ಮೈ ಬೆವರುತ್ತದೆ. ಗೇಟು ತೆರೆಯುವಾಗ ನಿಲ್ಲುವುದು, ಗುರುತಿನ ಬರೆ ಹಾಕುವ ಕಡೆಗೆ ಕರುಗಳನ್ನು ನಿಧಾನ ಎಳೆದು ತರುವುದು, ಬೇಲಿಯುದ್ದಕ್ಕೂ ಸುಮ್ಮನೆ ನಡೆಯುವುದು, ಇಂಥ ಬೇಜಾರಿನ ಕೆಲಸಗಳೇ ಅದರ ತಲೆ ತಣ್ಣಗಿಡುತ್ತವೆ. ನನ್ನನ್ನು ಕೇಳಿದರೆ, ಬರೀ ಸ್ಪರ್ಧೆಯಲ್ಲಿ ಗೆದ್ದ ಕುದುರೆಗಿಂತ ರಾಂಚ್‌ನಲ್ಲಿ ದುಡಿದದ್ದೇ ವಾಸಿ.

ಮಾರುವವರ ಮಾತನ್ನು ಪರೀಕ್ಷಿಸಬೇಕಾ? ಕುದುರೆಯನ್ನು ಬಾಕ್ಸ್‌ನಲ್ಲಿ ನಿಲ್ಲಿಸಿ ಹೋರಿ ಬಿಡಿಸಿ, ಹಿಂದೆ ಓಡಿಸಬೇಡಿ. ಲಗಾಮು ಸಡಿಲವಾಗಿದ್ದರೂ ನಿಂತಲ್ಲೇ ನಿಂತು ನೋಡಿದರೆ ಮಾತು ಮುಂದುವರಿಸಿ. ಮಕ್ಕಳಿಗಾದರೆ ಹತ್ತು ವರ್ಷ ದಾಟಿದ, ಅನುಭವವಿರುವ ಕುದುರೆಯೇ ಒಳ್ಳೆಯದು. ಆದರೆ ವರ್ಷಗಟ್ಟಲೆ ಗಕ್ಕನೆ ನಿಂತ, ತಿರುಗಿದ ಕಾಲುಗಳವು. ದುಡ್ಡು ಕೊಡುವ ಮೊದಲು ವೈದ್ಯರಿಂದ ಮುಂಗಾಲಿನ ಗೊರಸಿನ ಎಕ್ಸ್‌ರೇ ತೆಗೆಸಿ.